ಇಪ್ಪತ್ತೈದು ಡಿಗ್ರಿಯ ಸುಳ್ಳು

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಕಂಪನಿಯವರು ಈಗ ಮೂರು ದಿನ ತರಬೇತಿ ಕೊಡುತ್ತಾರಂತೆ. ಎ.ಸಿ. ಕೋಣೆಯಲ್ಲಿ ಕೂರಿಸಿ, ಗೋಡೆಯ ಮೇಲೆ ಚಿತ್ರ ಬಿಟ್ಟು, ಕಂಪ್ಯೂಟರಿನ ಶಾಖವನ್ನು ನೀರು ಹೇಗೆ ಹೊತ್ತೊಯ್ಯುತ್ತದೆ ಎಂದು ತೋರಿಸುತ್ತಾರಂತೆ. ನನ್ನ ಜಾಗಕ್ಕೆ ಬಂದಿರುವವಳು ಆ ಪಾಠದ ಪುಸ್ತಕವನ್ನು ತಂದು ತೋರಿಸಿದಳು. ಮೊದಲಿನಿಂದ ಕೊನೆಯವರೆಗೆ ಓದಿದೆ. ಒಳ್ಳೆಯ ಕಾಗದ, ಒಳ್ಳೆಯ ಬಣ್ಣ. ಆದರೆ ಅದರಲ್ಲಿ ಎಲ್ಲಿಯೂ ಎಪ್ರಿಲ್ ತಿಂಗಳಿಲ್ಲ. ಧೂಳಿಲ್ಲ, ಉಪ್ಪು ನೀರಿಲ್ಲ, ತಗಡಿನ ಶೆಡ್ಡಿಲ್ಲ. ಯಂತ್ರದ ಮುಂದೆ ದಿನವಿಡೀ ಕೂರುವ ಮನುಷ್ಯರಂತೂ ಇಲ್ಲವೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಮನೆ ಬಸವನ ಬಾಗೇವಾಡಿಯಲ್ಲಿ. ಮೊದಲು ಕೋಲ್ಡ್ ಸ್ಟೋರೇಜುಗಳ ಯಂತ್ರ ನೋಡಿಕೊಳ್ಳುತ್ತಿದ್ದೆ. ಆಮೇಲೆ ಕಂಪ್ಯೂಟರುಗಳನ್ನು ನೀರಿನಿಂದ ತಂಪು ಮಾಡುವ ಸಾಮಾನು ಮಾಡಿ ಮಾರುವ ಕಂಪನಿಯೊಂದಕ್ಕೆ ಸೇರಿ, ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕು ತಾಲೂಕುಗಳು ನನ್ನ ಪಾಲಿಗೆ. ಸರಕಾರಿ ಬಸ್ಸಿನಲ್ಲಿ ಓಡಾಟ. ಹೆಗಲ ಚೀಲದಲ್ಲಿ ಎರಡು ಥರ್ಮಾಮೀಟರ್, ಒಂದಷ್ಟು ರಬ್ಬರ್ ನಳಿಕೆ, ಒಂದು ಲೀಟರಿನ ತಾಮ್ರದ ತಂಬಿಗೆ.

ಹಳ್ಳಿಗಾಡಿನಲ್ಲಿ ಕಂಪ್ಯೂಟರಿಗೆ ನೀರು ಯಾಕೆ ಎಂದು ಕೇಳುವವರಿದ್ದಾರೆ. ಬೇಳೆ ಮಿಲ್ಲಿಗೆ ಹೋಗಿ ನೋಡಿ. ಒಂದೊಂದು ಬೇಳೆಯ ಬಣ್ಣವನ್ನೂ ಕ್ಯಾಮೆರಾದಿಂದ ನೋಡಿ, ಕೆಟ್ಟದ್ದನ್ನು ಗಾಳಿಯಿಂದ ಊದಿ ಹೊರಗೆ ಹಾಕುವ ಯಂತ್ರ ಈಗ ಎಲ್ಲ ಕಡೆ ಬಂದಿದೆ. ಅದರ ಒಳಗೆ ಹಗಲೆಲ್ಲ ದುಡಿಯುವ ಕಂಪ್ಯೂಟರುಗಳಿವೆ. ತೊಗರಿ ಹೊಟ್ಟಿನ ಧೂಳು ಒಳಗೆ ಹೋದರೆ ಅವು ಕೆಡುತ್ತವೆ. ಆದ್ದರಿಂದ ಗಾಳಿ ಆಡದ ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾರೆ. ಮುಚ್ಚಿದ ಮೇಲೆ ಶಾಖವನ್ನು ಹೊರಗೆ ತರಲು ನೀರು ಬೇಕು.

ಲೆಕ್ಕ ಕಷ್ಟದ್ದಲ್ಲ. ಪೆಟ್ಟಿಗೆಯೊಳಗೆ ಸಾವಿರ ವ್ಯಾಟ್ ಶಾಖ ಹುಟ್ಟುತ್ತದೆ ಎನ್ನಿ. ನಿಮಿಷಕ್ಕೆ ಮೂರು ಲೀಟರ್ ನೀರು ಹರಿದರೆ, ಒಳಗೆ ಹೋದ ನೀರು ಹೊರಗೆ ಬರುವಾಗ ಐದು ಡಿಗ್ರಿಯಷ್ಟು ಬಿಸಿಯಾಗಿರುತ್ತದೆ. ಹರಿವು ಒಂದು ಲೀಟರ್ ಚಿಲ್ಲರೆಗೆ ಇಳಿದರೆ ಹನ್ನೆರಡು ಡಿಗ್ರಿ. ಆ ಬಿಸಿ ನೀರು ರೇಡಿಯೇಟರಿಗೆ ಹೋಗಿ ತನ್ನ ಶಾಖವನ್ನು ಹೊರಗಿನ ಗಾಳಿಗೆ ಒಪ್ಪಿಸಿ ಮತ್ತೆ ಒಳಗೆ ಬರುತ್ತದೆ. ಎಷ್ಟೇ ಒಪ್ಪಿಸಿದರೂ ಆ ಗಾಳಿಗಿಂತ ತಣ್ಣಗಾಗಲು ಅದಕ್ಕೆ ಸಾಧ್ಯವಿಲ್ಲ. ಹಾಗಾಗಿ ಹೊರಗಿನ ಗಾಳಿ ಎಷ್ಟು ಬಿಸಿ ಎನ್ನುವುದೇ ಎಲ್ಲಕ್ಕಿಂತ ಮೊದಲ ಪ್ರಶ್ನೆ. ನಮ್ಮ ಮುಖ್ಯ ಕಚೇರಿಯಿಂದ ಬರುತ್ತಿದ್ದ ಲೆಕ್ಕದ ಹಾಳೆಯಲ್ಲಿ ಆ ಪ್ರಶ್ನೆಗೆ ಉತ್ತರ ಮೊದಲೇ ಅಚ್ಚಾಗಿರುತ್ತಿತ್ತು: ಇಪ್ಪತ್ತೈದು ಡಿಗ್ರಿ. ಸಿಂದಗಿಯ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೈದು ಡಿಗ್ರಿ! ಯಾರ ಮನೆಯ ಗಾಳಿಯೋ ಅದು.

ಅಂಥ ಹಾಳೆಗಳ ಕೆಳಗೆ ವರ್ಷಗಟ್ಟಲೆ ಸಹಿ ಹಾಕಿದವಳು ನಾನೇ. ಅದನ್ನು ಮುಂದೆ ಹೇಳುತ್ತೇನೆ.

ನಾಲತವಾಡದಲ್ಲಿ ಮದುವೆಯ ವಿಡಿಯೋ ಮಾಡುವ ಬಸಣ್ಣ ಎಂಬುವನ ಸ್ಟುಡಿಯೋ ಇತ್ತು. ಅವನ ದೊಡ್ಡ ಕಂಪ್ಯೂಟರಿಗೆ ನಾವೇ ನೀರಿನ ಸಾಮಾನು ಕೂರಿಸಿದ್ದೆವು. ಆರು ತಿಂಗಳಿಗೆ ಅದು ಕಾದು ಕಾದು ನಿಲ್ಲತೊಡಗಿತು. ನಾನು ಹೋಗಿ, ತಿರುಗಿ ಬರುವ ನಳಿಕೆ ಬಿಚ್ಚಿ ತಂಬಿಗೆಗೆ ಹಿಡಿದೆ. ಇಪ್ಪತ್ತು ಸೆಕೆಂಡಿಗೆ ತುಂಬಬೇಕಾದ ತಂಬಿಗೆ ಐವತ್ತು ಸೆಕೆಂಡಾದರೂ ತುಂಬಲಿಲ್ಲ.

"ಯಾ ನೀರು ಹಾಕೀಯೋ ಬಸಣ್ಣಾ?" ಎಂದೆ.

"ಬೋರಿನ ನೀರು ಹಂಗಽ ಹಾಕಿಲ್ರಿ ಬಾಯಾರ," ಎಂದು ಅವನು ಎದೆಯ ಮೇಲೆ ಕೈಯಿಟ್ಟು ಹೇಳಿದ. "ನಮ್ಮವ್ವ ಕಾಸಿ, ಆರಿಸಿ, ಸೋಸಿ ಕೊಟ್ಟಾಳ್ರಿ. ನಾವು ಕುಡಿಯೂದೂ ಅದನ್ನಽ."

ಅವನ ತಪ್ಪೇನು ಹೇಳಿ? ನಮ್ಮ ಪುಸ್ತಕದಲ್ಲಿ 'ಶುದ್ಧ ನೀರು ಬಳಸಿ' ಎಂದಷ್ಟೇ ಇತ್ತು. ತಾಯಿ ಕಾಯಿಸಿ ಸೋಸಿ ಕೊಟ್ಟ ನೀರಿಗಿಂತ ಶುದ್ಧವಾದದ್ದು ಅವನಿಗೆ ಲೋಕದಲ್ಲಿ ಯಾವುದಿದೆ? ಕಾಯಿಸಿದರೆ ರೋಗ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಆ ಉಪ್ಪು ಕಂಪ್ಯೂಟರಿನ ಮೇಲೆ ಕೂರುವ ತಾಮ್ರದ ಬಿಲ್ಲೆಯ ಸಣ್ಣ ಸಣ್ಣ ಕಾಲುವೆಗಳಲ್ಲಿ ಬೆಳ್ಳಗೆ ಕಟ್ಟಿ ಕೂತಿತ್ತು. 'ಬ್ಯಾಟರಿಗೆ ಹಾಕುವ ಉಪ್ಪಿಲ್ಲದ ನೀರನ್ನೇ ಹಾಕಿ' ಎಂದು ಒಂದು ಸಾಲು ಅಚ್ಚು ಹಾಕಿಸಿ ಎಂದು ನಾನು ಕಚೇರಿಗೆ ಬರೆದೆ. ಅಲ್ಲಿ ನಮ್ಮ ಮೇಲಿನವರು ಮೂರ್ತಿ ಸಾಹೇಬರು. ಅವರು ಫೋನಿನಲ್ಲಿ ಆ ಸಾಲಿನ ಮಾತೇ ಎತ್ತಲಿಲ್ಲ. "ಮೇಡಂ, ನೀವಿನ್ನೂ ತಂಬಿಗೇಲಿ ಅಳೀತೀರಾ? ಮ್ಯೂಸಿಯಂಗೆ ಕಳಿಸ್ಬೇಕು ನಿಮ್ಮನ್ನ," ಎಂದು ನಕ್ಕರು. ನಂತರ ಹರಿವು ಅಳೆಯುವ ಮೀಟರುಗಳನ್ನು ಕಳಿಸಿದರು. ಎರಡು ತಿಂಗಳಿಗೆ ಉಪ್ಪು ಕಟ್ಟಿ ಅವುಗಳ ಚಕ್ರವೇ ನಿಂತಿತು. ನೀರು ಧಾರಾಳ ಹರಿಯುತ್ತಿದ್ದರೂ ಮೀಟರು ಸೊನ್ನೆ ತೋರಿಸುತ್ತಿತ್ತು, ಕಚೇರಿಯಿಂದ 'ಪಂಪು ಸತ್ತಿದೆ, ಕೂಡಲೇ ಬದಲಿಸಿ' ಎಂದು ಆಜ್ಞೆ ಬರುತ್ತಿತ್ತು. ನಾನು ತಂಬಿಗೆ ಹಿಡಿದು ನೋಡಿ, ಪಂಪು ಬದುಕಿದೆ ಎಂದು ಉತ್ತರ ಬರೆಯುತ್ತಿದ್ದೆ. ಹೀಗೆ ಒಂದು ವರ್ಷ ನಡೆಯಿತು.

ಬರೀ ಮೇಲಿನವರನ್ನೇ ಬೈದರೆ ನ್ಯಾಯವಾಗುವುದಿಲ್ಲ. ನನ್ನ ದಡ್ಡತನವೂ ಕಡಿಮೆಯದಲ್ಲ. ಇಂಡಿಯಲ್ಲಿ ನಿಂಬೆಹಣ್ಣನ್ನು ಗಾತ್ರ, ಬಣ್ಣ ನೋಡಿ ಬೇರೆ ಮಾಡುವ ಯಂತ್ರವೊಂದಿತ್ತು. ಅದರ ರೇಡಿಯೇಟರನ್ನು ಶೆಡ್ಡಿನ ಮಾಳಿಗೆಯ ಮೇಲೆ ಕೂರಿಸಬೇಕಾಯಿತು. ನೀರು ಹನ್ನೆರಡು ಅಡಿ ಮೇಲೇರಬೇಕಲ್ಲ ಎಂದು ಆ ಎತ್ತರವನ್ನೆಲ್ಲ ಲೆಕ್ಕಕ್ಕೆ ಹಿಡಿದು ದೊಡ್ಡ ಪಂಪು ತರಿಸಿದೆ. ಸುತ್ತು ಮುಚ್ಚಿದ ದಾರಿಯಲ್ಲಿ, ಏರುವ ನೀರಿನ ಭಾರವನ್ನು ಇನ್ನೊಂದು ಕಡೆ ಇಳಿಯುವ ನೀರೇ ಸರಿದೂಗಿಸುತ್ತದೆ, ಪಂಪು ಬರೀ ನಳಿಕೆಯ ತಿಕ್ಕಾಟವನ್ನು ಗೆದ್ದರೆ ಸಾಕು. ಅದು ಕಾಲೇಜಿನಲ್ಲಿ ಓದಿದ ಪಾಠವೇ. ಮರೆತಿದ್ದೆ. ಪಂಪು ಶುರುಮಾಡಿದ ಹತ್ತು ನಿಮಿಷಕ್ಕೆ ನಳಿಕೆ ಕಿತ್ತುಕೊಂಡು, ಬುಟ್ಟಿಗಳಲ್ಲಿದ್ದ ಹಣ್ಣಿನ ಮೇಲೆಲ್ಲ ನೀರು ಸುರಿಯಿತು. ವ್ಯಾಪಾರಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಬಾಯಾರ, ನಿಂಬಿಹಣ್ಣಿಗೆ ಜಳಕಾ ಮಾಡ್ಸಿದ್ರಿ. ಇನ್ನ ಪುಡಿ ಹಚ್ಚಿ ತಲೀ ಬಾಚಿ ಬಿಡ್ರಿ," ಎಂದ. ಊರಿಗೆ ಊರೇ ನಕ್ಕಿತು. ಆದರೆ ನನ್ನ ಆ ತಪ್ಪಿಗೆ ಯಾರ ಅನ್ನವೂ ಹೋಗಲಿಲ್ಲ. ಹಣ್ಣು ಒಣಗಿತು, ಪಂಪು ಬದಲಾಯಿತು, ಅಷ್ಟೇ.

ಸಿಂದಗಿಯ ತಪ್ಪು ಅಂಥದ್ದಲ್ಲ.

ಸಿಂದಗಿಯ ಹತ್ತಿರ ಒಂದು ಬೇಳೆ ಮಿಲ್ಲಿತ್ತು. ಅಲ್ಲಿ ಬಣ್ಣ ನೋಡುವ ಯಂತ್ರವನ್ನು ನಡೆಸುತ್ತಿದ್ದವಳು ಯಂಕಂಚಿಯ ಮಲ್ಲವ್ವ. ಮೊದಲು ಅವಳು ಅಂಗಳದಲ್ಲಿ ಕೂತು ಕೈಯಿಂದ ಬೇಳೆ ಆರಿಸುತ್ತಿದ್ದ ಹೆಂಗಸರಲ್ಲಿ ಒಬ್ಬಳು. ಯಂತ್ರ ಬಂದಾಗ ಮಿಲ್ಲಿನ ಸಾವಕಾರರು ತಮ್ಮ ಸಂಬಂಧಿಕನನ್ನು ಅದರ ಮುಂದೆ ಕೂರಿಸಿದ್ದರು. ಅವನಿಗೆ ಯಾವ ಬೇಳೆ ಬಿಡಬೇಕು, ಯಾವುದನ್ನು ಊದಿ ತೆಗೆಯಬೇಕು ಎನ್ನುವುದೇ ತಿಳಿಯದೆ ಒಳ್ಳೆಯ ಬೇಳೆಯೆಲ್ಲ ಹೊಟ್ಟಿಗೆ ಹೋಯಿತು. ದೂರದಿಂದ ನೋಡುತ್ತಿದ್ದ ಮಲ್ಲವ್ವ ಒಂದು ದಿನ ಎದ್ದು ಬಂದು, "ಈ ಬಣ್ಣಾ ಒಂಚೂರು ಕಮ್ಮಿ ಮಾಡ್ರಿ, ಆ ಕರೀ ಚುಕ್ಕಿ ಹೆಚ್ಚು ಮಾಡ್ರಿ," ಎಂದು ಹೇಳಿ ಯಂತ್ರವನ್ನು ಸರಿದಾರಿಗೆ ತಂದಳು. ಅಂದಿನಿಂದ ಯಂತ್ರದ ಮುಂದಿನ ಕುರ್ಚಿ ಅವಳದಾಯಿತು. ಮೂರು ಅಕ್ಷರ ಕೂಡಿಸಿ ಓದಲು ಕಷ್ಟಪಡುತ್ತಿದ್ದವಳು ಪರದೆಯ ಮೇಲಿನ ಪ್ರತಿಯೊಂದು ಗುರುತನ್ನೂ ಬಲ್ಲವಳಾಗಿದ್ದಳು. ಮಿಲ್ಲಿನ ಗಂಡಸರು ಅವಳನ್ನು ಕೇಳದೆ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಆ ಕುರ್ಚಿಯಲ್ಲಿ ಅವಳು ಬೆನ್ನು ನೆಟ್ಟಗೆ ಮಾಡಿ ಕೂರುವುದನ್ನು ನೋಡಿದರೆ ನನಗೇ ಹೆಮ್ಮೆಯಾಗುತ್ತಿತ್ತು.

ಒಂದು ಎಪ್ರಿಲ್‌ನಲ್ಲಿ ವಾಡಿಕೆಯ ತಪಾಸಣೆಗೆ ಹೋದೆ. ನೋಡುತ್ತೇನೆ, ರೇಡಿಯೇಟರಿನ ಮುಂದೆ ಹಸಿ ಗೋಣಿತಟ್ಟು ಕಟ್ಟಿದೆ! ನಮ್ಮ ಕಡೆ ಬೇಸಿಗೆಯಲ್ಲಿ ಕುಡಿಯುವ ನೀರಿನ ಕೊಡಕ್ಕೆ ಸುತ್ತುತ್ತಾರಲ್ಲ, ಹಾಗೆ. ಮೇಲೆ ತೂತು ಮಾಡಿದ ಡಬ್ಬಿಯಿಂದ ತಟ್ಟಿನ ಮೇಲೆ ನೀರು ಹನಿಯುತ್ತಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಏನ ಮಾಡೀದಿ ಮಲ್ಲವ್ವಾ ಇದು? ಗಾಳಿ ಹೋಗೂ ದಾರಿನಽ ಕಟ್ಟೀಯಲ್ಲ!"

"ಮಧ್ಯಾಹ್ನ ಆತಂದ್ರ ಮಿಶಿನ್ನು ಬಂದ್ ಬೀಳ್ತಿತ್ರಿ ಬಾಯಾರ," ಎಂದಳು. "ತಟ್ಟು ಕಟ್ಟಿದ ಮ್ಯಾಲೆ ಒಂದ ದಿನಾನೂ ನಿಂತಿಲ್ರಿ. ಮೈಗೆ ಹತ್ತಿಸಿ ಕಟ್ಟಿಲ್ರಿ, ನಾಕು ಬೆರಳು ದೂರ ಬಿಟ್ಟೀನಿ, ನೋಡ್ರಿ."

"ಇದು ನೀರಿನ ಕೊಡ ಅಲ್ಲ, ಕಂಪ್ಯೂಟರ್ ಐತಿ. ನಿನಗೇನು ತಿಳೀತೈತಿ ಇದರಾಗ?"

ಹಾಗೆ ಅಂದೆ. ನಾನೇ ಅಂದೆ. ತಟ್ಟು ಬಿಚ್ಚಿ ಅಂಗಳಕ್ಕೆ ಎಸೆದೆ. ಎಸೆಯುವ ಮೊದಲು ಫೋಟೋ ಹಿಡಿದೆ. ಸಂಜೆ ಕಚೇರಿಗೆ ವರದಿ ಕಳಿಸಿದೆ: 'ಯಂತ್ರ ನಡೆಸುವವರ ಅಜಾಗರೂಕತೆ. ರೇಡಿಯೇಟರಿನ ಗಾಳಿಯ ದಾರಿಯನ್ನು ಗೋಣಿತಟ್ಟಿನಿಂದ ಮುಚ್ಚಲಾಗಿತ್ತು.' ಅಕ್ಷರಗಳು ಮುದ್ದಾಗಿದ್ದವು.

ಮರುದಿನ ಮಧ್ಯಾಹ್ನ ಯಂತ್ರ ನಿಂತಿತು. ಅದರ ಮರುದಿನವೂ ನಿಂತಿತು. ನೀರು ಐವತ್ತೆರಡು ಡಿಗ್ರಿಗೆ ಬಂದರೆ ಅದು ತಾನಾಗಿ ನಿಲ್ಲುವಂತೆ ಮಾಡಿರುತ್ತಾರೆ. ಮಾಲು ಕಳಿಸುವ ಅವಸರದಲ್ಲಿದ್ದ ಸಾವಕಾರರು ಮತ್ತೆ ಮತ್ತೆ ಶುರು ಮಾಡಿಸಿದರು. ಮೂರನೆಯ ದಿನ ಒಳಗಿನ ಬೋರ್ಡು ಸುಟ್ಟುಹೋಯಿತು. ಅವರು ಕಚೇರಿಗೆ ಫೋನು ಮಾಡಿ ಕೂಗಾಡಿದಾಗ ಮೂರ್ತಿ ಸಾಹೇಬರು ನನ್ನ ವರದಿಯನ್ನೇ ಅವರಿಗೆ ಕಳಿಸಿ ಕೈ ತೊಳೆದುಕೊಂಡರು. ಫೋಟೋ ಇತ್ತು, ಸಹಿ ಇತ್ತು, ಇನ್ನೇನು ಬೇಕು? ಎಲ್ಲ ಮಲ್ಲವ್ವನ ತಲೆಗೆ ಬಂತು. ಸಾವಕಾರರು ಅಂಗಳದಲ್ಲಿ ಎಲ್ಲರ ಮುಂದೆ ನನ್ನ ವರದಿ ಓದಿ, ಅವಳನ್ನು ಕುರ್ಚಿಯಿಂದ ಎಬ್ಬಿಸಿದರು. ಅವಳು ಮತ್ತೆ ಮೊರ ಹಿಡಿದು ಅಂಗಳಕ್ಕೆ ಹೋದಳು.

ಹೊಸ ಬೋರ್ಡು ಹಾಕಲು ಹೋದಾಗ ಈ ಕಥೆ ಕೇಳಿದೆ. ಕೇಳಿ ಮೊದಲು ಬಂದದ್ದು ಅನುಮಾನ. ತಟ್ಟು ಕಟ್ಟಿದ್ದಾಗ ನಿಲ್ಲದ ಯಂತ್ರ, ಬಿಚ್ಚಿದ ಮೇಲೆ ಯಾಕೆ ನಿಂತಿತು? ಅನುಮಾನ ಹುಟ್ಟಿದ ಮೇಲೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅದೇ ಅಳತೆಯ ಹಳೆಯ ರೇಡಿಯೇಟರೊಂದನ್ನು ಬಾಗೇವಾಡಿಯ ಮನೆಗೆ ತಂದೆ. ಮಾಳಿಗೆಯ ಮೇಲೆ ತಗಡಿನ ನೆರಳು ಮಾಡಿ, ಕಂಪ್ಯೂಟರಿನ ಬದಲು ಸಾವಿರ ವ್ಯಾಟಿನ ನೀರು ಕಾಯಿಸುವ ಕಾಯಿಲ್ ಹಾಕಿ, ಪಂಪು ಹಚ್ಚಿದೆ. ನಾಲ್ಕು ಮಧ್ಯಾಹ್ನ ಬಿಸಿಲಲ್ಲಿ ಕೂತು ಬರೆದುಕೊಂಡೆ. ಪಕ್ಕದ ಮನೆಯ ವೈನಿ ಗೋಡೆಯ ಮೇಲಿಂದ ಇಣುಕಿ, "ನೆತ್ತಿಗೆ ಬಿಸಲು ಹತ್ತೀತ್ರಿ, ಸಾಕು ಮಾಡ್ರಿ," ಎಂದು ದಿನವೂ ಹೇಳುತ್ತಿದ್ದರು.

ಲೆಕ್ಕ ಹೀಗಿತ್ತು. ತಟ್ಟಿಲ್ಲದಾಗ ಗಾಳಿ ನಲವತ್ತನಾಲ್ಕು ಡಿಗ್ರಿ. ರೇಡಿಯೇಟರಿನಲ್ಲಿ ನೀರು ಯಾವಾಗಲೂ ಗಾಳಿಗಿಂತ ಹನ್ನೆರಡು ಡಿಗ್ರಿ ಮೇಲೆ ನಿಲ್ಲುತ್ತಿತ್ತು. ಒಟ್ಟು ಐವತ್ತಾರು. ಯಂತ್ರ ನಿಲ್ಲುವುದು ಐವತ್ತೆರಡಕ್ಕೆ. ಹಸಿ ತಟ್ಟು ನಾಲ್ಕು ಬೆರಳು ದೂರ ಕಟ್ಟಿದಾಗ, ಗಾಳಿಯ ಹರಿವು ಕಡಿಮೆಯಾದದ್ದು ನಿಜ. ಹನ್ನೆರಡಿದ್ದ ಅಂತರ ಹದಿನೇಳಕ್ಕೆ ಏರಿತು. ನಾನು ಓದಿದ ಪುಸ್ತಕ ನೋಡಿದ್ದು ಅಷ್ಟನ್ನೇ. ಆದರೆ ನಮ್ಮ ಒಣ ಹವೆಯಲ್ಲಿ, ತಟ್ಟಿನ ಮೂಲಕ ಹಾಯ್ದು ಬಂದ ಗಾಳಿ ನಲವತ್ತನಾಲ್ಕರಿಂದ ಮೂವತ್ತೊಂದಕ್ಕೆ ಇಳಿದಿತ್ತು. ಮೂವತ್ತೊಂದು ಮತ್ತು ಹದಿನೇಳು, ನಲವತ್ತೆಂಟು. ಯಂತ್ರ ನಿಲ್ಲುವುದಿಲ್ಲ. ಮಲ್ಲವ್ವನ ಗೋಣಿತಟ್ಟು ಯಂತ್ರವನ್ನು ಕಾಯುತ್ತಿತ್ತು. ಬೋರ್ಡು ಸುಟ್ಟದ್ದು, ಒಂದು ಕಡೆ ಇಪ್ಪತ್ತೈದು ಡಿಗ್ರಿಯ ಸುಳ್ಳು ನಂಬಿ ಸಣ್ಣ ರೇಡಿಯೇಟರ್ ಕೊಟ್ಟ ಕಂಪನಿಯಿಂದ, ಇನ್ನೊಂದು ಕಡೆ ತಟ್ಟು ಬಿಚ್ಚಿದ ನನ್ನಿಂದ.

ಮೂರ್ತಿ ಸಾಹೇಬರಿಗೆ ಫೋನು ಮಾಡಿ ಎಲ್ಲ ಓದಿ ಹೇಳಿದೆ. "ನಿಮ್ಮ ಲೆಕ್ಕ ಸರಿ ಇರಬಹುದು ಮೇಡಂ," ಎಂದರು. "ಆದರೆ ಹೊರಗಿನ ಗಾಳಿ ನಲವತ್ತನಾಲ್ಕು ಅಂತ ನಾವು ಬರೆದು ಕೊಟ್ಟರೆ, ನಿಮ್ಮ ಕಡೆ ಕೊಟ್ಟಿರೋ ರೇಡಿಯೇಟರೆಲ್ಲ ಚಿಕ್ಕವು ಅಂತ ಒಪ್ಪಿಕೊಂಡ ಹಾಗಾಗುತ್ತೆ."

"ಸಣ್ಣವಽ ಅದಾವ್ರಿ ಸಾಹೇಬ್ರ. ಒಪ್ಪಿಕೊಳ್ಳಾಕ ಏನಾಗೇತಿ? ಅಲ್ಲಿ ಒಬ್ಬಾಕಿ ಮಾಡದ ತಪ್ಪಿಗೆ ಅಂಗಳದಾಗ ಕುಂತಾಳ."

"ಆ ಹಾಳೆಗಳ ಕೆಳಗೆಲ್ಲ ನಿಮ್ಮ ಸಹಿ ಇದೆ, ಮರೀಬೇಡಿ."

ನಾನು ಫೋನು ಇಟ್ಟೆ. ಎರಡನೆಯ ವರದಿ ಬರೆದು ಕಳಿಸಿದೆ ನಿಜ. ಅವರು ಅದನ್ನು ಯಾವ ಕಪಾಟಿನಲ್ಲಿ ಹಾಕಿದರೋ ಗೊತ್ತಿಲ್ಲ. ಅದರ ಒಂದು ಪ್ರತಿಯನ್ನು ನಾನೇ ಸಿಂದಗಿಗೆ ಒಯ್ದು ಸಾವಕಾರರ ಕೈಗೆ ಕೊಡಬಹುದಿತ್ತು. ಬಸ್ಸಿಗೆ ಎಷ್ಟು ಹೊತ್ತಿನ ದಾರಿ? ಕೊಡಲಿಲ್ಲ. ನಿವೃತ್ತಿಗೆ ಎರಡು ವರ್ಷವಿತ್ತು, ಯಾಕೆ ಬೇಕು ಇಲ್ಲದ ಉಸಾಬರಿ ಎಂದುಕೊಂಡೆ. ಈಗ ಕೆಲಸಕ್ಕೆ ಸೇರುವವರು ಇದನ್ನು ಓದಿ ನನ್ನ ಮೇಲೆ ಸಿಟ್ಟಾದರೆ ಆಗಲಿ. ಆಗಲೇಬೇಕು.

ಮುಂದಿನ ಬೇಸಿಗೆಗೆ ಕಂಪನಿಯಿಂದ ಹೊಸ ಸಾಮಾನು ಬಂತು. ಹೆಸರು 'ಬೇಸಿಗೆ ಪರದೆ'. ಒಂದು ಚೌಕಟ್ಟು, ಅದರಲ್ಲಿ ಕೂಲರಿಗೆ ಹಾಕುವಂಥ ಹುಲ್ಲಿನ ಹಾಸು, ಮೇಲಿಂದ ನೀರು ಹನಿಸುವ ಪುಟ್ಟ ಪಂಪು. ರೇಡಿಯೇಟರಿನಿಂದ ದೂರ ಎಷ್ಟು ಬಿಡಬೇಕು ಎಂಬುದಕ್ಕೆ ಚಿತ್ರವಿತ್ತು. ನಾನು ಬೆರಳಿಟ್ಟು ನೋಡಿದೆ, ಸರಿಯಾಗಿ ನಾಲ್ಕು ಬೆರಳು. ವಾರ್ಷಿಕ ಸಭೆಯಲ್ಲಿ ಮೂರ್ತಿ ಸಾಹೇಬರಿಗೆ ಶಾಲು ಹೊದಿಸಿ, 'ಉತ್ತರ ಕರ್ನಾಟಕದ ಹವೆಯನ್ನು ಆಳವಾಗಿ ಅಧ್ಯಯನ ಮಾಡಿದವರು' ಎಂದು ಹೊಗಳಿದರು. ಹಿಂದಿನ ಸಾಲಿನಲ್ಲಿ ಕೂತ ನಾನೂ ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆ ನೆನೆದರೆ ಇವತ್ತಿಗೂ ನನಗೆ ಅಸಹ್ಯವಾಗುತ್ತದೆ.

ಆ ಪರದೆಯನ್ನು ಸಿಂದಗಿಯ ಅದೇ ಮಿಲ್ಲಿಗೆ ಕೂರಿಸಲು ನನ್ನನ್ನೇ ಕಳಿಸಿದರು. ಕೂರಿಸಿ ಮುಗಿಸಿದ ಮೇಲೆ ಸಾವಕಾರರ ಮುಂದೆ ಹೋಗಿ ನಿಂತೆ. ಹೋದ ವರ್ಷ ಮಲ್ಲವ್ವನದು ತಪ್ಪಿರಲಿಲ್ಲ, ತಪ್ಪು ನಮ್ಮದು, ವರದಿ ಬರೆದ ನನ್ನದು, ಅವಳನ್ನು ಮತ್ತೆ ಕುರ್ಚಿಗೆ ಕರೆಯಿರಿ ಎಂದು ಹೇಳಿದೆ. ಸಾವಕಾರರು ಕೆಟ್ಟವರಲ್ಲ. ನನಗೆ ಚಹಾ ತರಿಸಿದರು. ಆಮೇಲೆ ಪರದೆಯ ಕಡೆ ಕೈ ತೋರಿಸಿ, "ಈಗ ಇದು ಬಂತಲ್ರಿ ಬಾಯಾರ. ನಮ್ಮ ಹುಡುಗ್ರೂ ಮಿಶಿನ್ನು ನಡಸಾಕ ಕಲ್ತಾರ. ಇನ್ನ ಯಾರ ಕುಂತ್ರೂ ನಡೀತೈತಿ. ಮತ್ಯಾಕ ಆಕೀನ್ನ ಎಬ್ಬಿಸಿ ಕುಂದ್ರಸೂದು?" ಎಂದರು.

ಅವಳದೇ ಉಪಾಯ ಅವಳ ಜಾಗವನ್ನು ತೆಗೆಯಿತು. ಅದನ್ನು ತಂದು ಕೂರಿಸಿದವಳು ನಾನು.

ಅಂಗಳದಲ್ಲಿ ಹೆಂಗಸರ ಸಾಲಿನಲ್ಲಿ ಮಲ್ಲವ್ವ ಮೊರದಲ್ಲಿ ಬೇಳೆ ಕೇರುತ್ತಿದ್ದಳು. ನಾನು ಹೋಗಿ ಅವಳ ಪಕ್ಕ ನೆಲಕ್ಕೆ ಕೂತೆ. ಅವಳು ಸೆರಗಿನಿಂದ ಧೂಳು ಝಾಡಿಸಿ ಜಾಗ ಮಾಡಿಕೊಟ್ಟಳು.

"ನಿನ್ನ ತಟ್ಟು ಖರೇ ಇತ್ತು ಮಲ್ಲವ್ವಾ," ಎಂದೆ. "ನಾಕು ದಿವಸ ಬಿಸಲಾಗ ಕುಂತು ಲೆಕ್ಕಾ ಮಾಡೀನಿ. ತಪ್ಪು ನನ್ನದು."

ಅವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಅದಕ್ಯಾಕ ನಾಕು ದಿವಸ ಬೇಕಾತ್ರಿ ಬಾಯಾರ?" ಎಂದಳು. "ಅವತ್ತು ನಿಮ್ಮ ಕೈಲೇನಽ ತಟ್ಟು ಬಿಚ್ಚಿದ್ರಿ. ಆ ಕಡಿಂದ ಬರೂ ಗಾಳಿ ನಿಮ್ಮ ಕೈಗೆ ತಣ್ಣಗ ಹತ್ತಲಿಲ್ಲೇನು?"

ಹತ್ತಿತ್ತು. ಮೊಣಕೈವರೆಗೂ ತಣ್ಣಗೆ ಹತ್ತಿತ್ತು, ಆ ಉರಿಯಲ್ಲಿ ಹಿತವೆನಿಸಿ ಒಂದು ಗಳಿಗೆ ಕೈಯನ್ನು ಅಲ್ಲೇ ಇಟ್ಟಿದ್ದೆ ಕೂಡ. ಆಮೇಲೆ ಕೈ ತೆಗೆದು ಫೋಟೋ ಹಿಡಿದು ವರದಿ ಬರೆದೆ. ಈ ಮಾತನ್ನು ಮೂರ್ತಿ ಸಾಹೇಬರಿಗಾಗಲಿ, ಎರಡನೆಯ ವರದಿಯಲ್ಲಾಗಲಿ ನಾನು ಹೇಳಿರಲಿಲ್ಲ. ಮಲ್ಲವ್ವನಿಗೂ ಹೇಳಲಾಗಲಿಲ್ಲ. ತಲೆ ತಗ್ಗಿಸಿಕೊಂಡು, ಅವಳ ಮೊರದಲ್ಲಿದ್ದ ಬೇಳೆಯಿಂದ ಕಲ್ಲು ಆರಿಸುತ್ತಾ ಕೂತೆ.